ಹಲ್ಲಿನ ಬೆಲ್ಟಿಗೆ ಜೋಡಿ ಹುಡುಕಿದವರು

ಫಿಟ್ಟರಣ್ಣನ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಗೊರಸಿನ ಹಾಗೆ ದಪ್ಪಗೆ, ಕಪ್ಪಗೆ ಇತ್ತು. ಕಬ್ಬಿಣ ಎಲ್ಲಿ ಸವೆದಿದೆ ಎಂದು ಅದರಲ್ಲೇ ಗೀರಿ ಹೇಳಿಬಿಡುತ್ತಿದ್ದರು. ಕುಂದಾಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸ, ನಮ್ಮ ಎದುರುಮನೆಯವರು. ಗಂಡ ತೀರಿಕೊಂಡ ಮೇಲೆ ನಾನು ಜಗಲಿಯಲ್ಲಿ ಹೊಲಿಗೆಗೆ ಕೂತಾಗ, ಮಿಷನ್ನಿಗೆ ಎಣ್ಣೆ ಬಿಡುವವರೂ ಅವರೇ. ಕೆಲಸದ ನಡುವೆ ಮಾತಿಲ್ಲ; ಮುಗಿದ ಮೇಲೆ ಬೆಲ್ಲ, ನೀರು ಕೇಳುವರು.

೧೯೬೦ರ ಆಸುಪಾಸಿನಲ್ಲಿ ಬೊಂಬಾಯಿಯಲ್ಲಿದ್ದ ನನ್ನ ತಮ್ಮ, ಮುಚ್ಚಿಹೋದ ಹೊಲಿಗೆ ಕಾರ್ಖಾನೆಯೊಂದರ ಹಳೆ ವಿದೇಶಿ ಮಿಷನ್ನು ಕಳಿಸಿದ. ಜೊತೆಗೊಂದು ಚೀಲ. ಅದರಲ್ಲಿ ಒಳಮೈಗೆ ಹಲ್ಲುಗಳಿದ್ದ ರಬ್ಬರ್ ಬೆಲ್ಟು, ಅವಳಿಗಳಂತಿದ್ದ ಎರಡು ಹಲ್ಲಿನ ಚಕ್ರ. ಮಿಲ್ಲಿನ ಚಪ್ಪಟೆ ಬೆಲ್ಟುಗಳನ್ನಷ್ಟೇ ಕಂಡಿದ್ದ ಫಿಟ್ಟರಣ್ಣ ಅದನ್ನು ಬಗ್ಗಿಸಿ ಬಗ್ಗಿಸಿ ನೋಡಿದರು.

"ಇದ್ ಬರೀ ತಿರ್ಗಿಸುಕಲ್ಲ ತಂಗಿ. ಮೇಲಿನ ಸೂಜಿ, ಕೆಳಗಿನ ಕೊಕ್ಕೆ ಎರಡೂ ಒಟ್ಟೊಟ್ಟಿಗೆ ಬಪ್ಪುಕೆ ಇಪ್ಪುದ್. ಒಂದ್ ಹಲ್ ಜಾರಿರೆ ಸೂಜಿ ಕೊಕ್ಕೆಗ್ ಹೊಡಿತ್ತ್."

ಮೇಲಿನ ಚಕ್ರ ಮಿಷನ್ನಿನಲ್ಲೇ ಇತ್ತು. ಕೆಳಗಿನದು ಆ ಎರಡರಲ್ಲಿ ಯಾವುದು? ಹಲ್ಲು ಎಣಿಸಿದರೆ ಎರಡಕ್ಕೂ ಒಂದೇ ಸಂಖ್ಯೆ. ಒಂದನ್ನು ಕೂರಿಸಿ, ಬೆಲ್ಟು ಏರಿಸಿ, ಕೈಯಿಂದ ನಿಧಾನ ತಿರುಗಿಸುತ್ತ ಸೂಜಿಯ ಬದಿಗೆ ಮುಖ ತಂದು ಬಗ್ಗಿದರು.

"ನಾ ಹೇಳುವರಿಗೆ ಪೆಡ್ಲ್ ಒತ್ತುಕಾಗ" ಎಂದು ಎಚ್ಚರಿಸಿದರು.

ಸಂಜೆಯೊಳಗೆ ಮದುವೆಮನೆಗೆ ಎಂಟು ರವಿಕೆ ಕೊಡಬೇಕಿತ್ತು. ಚಕ್ರ ಸಲೀಸಾಗಿ ತಿರುಗುತ್ತಿದ್ದದ್ದು ಕಂಡದ್ದೇ ನಾನು ಒತ್ತಿಬಿಟ್ಟೆ.

ಸೂಜಿ ಮುರಿದ ಸದ್ದು ಕೇಳಿತು. ಫಿಟ್ಟರಣ್ಣ ಎಡಗಣ್ಣಿಗೆ ಅಂಗೈ ಒತ್ತಿ ನೆಲದ ಮೇಲೆ ಕುಳಿತರು. ಬೆರಳ ಸಂದಿನಿಂದ ರಕ್ತ ಇಳಿಯಿತು. ನನ್ನ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಅಕ್ಕಪಕ್ಕದವರು ಓಡಿಬಂದಾಗ ಅವರೇ ಹೇಳಿದರು:

"ನಾನೇ ತಿರ್ಗಿಸ್ದೆ. ಅಂದಾಜ್ ತಪ್ಪಿತ್."

ನಾನು ಬಾಯಿ ತೆರೆದೆ. ಅವರು ಬೇಡವೆಂಬಂತೆ ತಲೆಯಾಡಿಸಿದರು. ಉಡುಪಿಯ ಆಸ್ಪತ್ರೆಗೆ ಒಯ್ದರು; ಕಣ್ಣು ಉಳಿಯಲಿಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ನಮ್ಮ ಜಗಲಿ ಹತ್ತಿದಾಗ ನನಗೆ ಮುಖ ಎತ್ತಲಾಗಲಿಲ್ಲ. "ಬಟ್ಟೆ ಒಗಿಯು ಸೋಪ್ ತಕಂಡ್ ಬಾ" ಎಂದರು. ನೆನೆದ ಸೋಪಿನ ಮೇಲೆ ಬೆಲ್ಟನ್ನು ಒತ್ತಿ ಹಲ್ಲಿನ ಅಚ್ಚು ತೆಗೆದರು. ಅಚ್ಚಿನ ಮೇಲೆ ಚಕ್ರಗಳನ್ನು ಒಂದೊಂದಾಗಿ ಉರುಳಿಸಿದರು. ಮೊದಲು ಹಾಕಿದ್ದ ಚಕ್ರದ ಆರು ಹಲ್ಲು ಸರಿಯಾಗಿ ಕೂತವು. ಏಳನೆಯದು ಗುಳಿ ತಪ್ಪಿ ಅಂಚು ಹತ್ತಿತು. ಇನ್ನೊಂದು ಕೊನೆಯವರೆಗೂ ಗುಳಿಯಿಂದ ಗುಳಿಗೆ ಇಳಿಯುತ್ತ ಹೋಯಿತು.

"ಕಾಣ್, ಇದೇ ಜೋಡಿ."

ಅದನ್ನು ಕೂರಿಸಿ, ಉಳಿದ ಒಂದು ಕಣ್ಣನ್ನು ಸೂಜಿಗೆ ಅಷ್ಟೇ ಹತ್ತಿರ ತಂದು ಬಗ್ಗಿ, "ಈಗ ಒತ್ತ್" ಎಂದರು. ನಾನು ಒತ್ತುವ ತನಕ ಅವರು ಅಲ್ಲಾಡಲಿಲ್ಲ.

ಆ ಮಿಷನ್ನಿನಲ್ಲೇ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದೆ. ಹತ್ತು ವರ್ಷದ ಮೇಲೆ ಫಿಟ್ಟರಣ್ಣ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಅವರ ಹೆಂಡತಿಯ ಎದುರು ಕುಳಿತೆ.

"ಅತ್ಗೆ, ಅವತ್ತ್ ಪೆಡ್ಲ್ ಒತ್ತಿದ್ ನಾನ್."

ಅವರು ನನ್ನನ್ನೇ ನೋಡಿದರು. ಆಮೇಲೆ ಹೇಳಿದರು:

"ಜಾಗ್ರತಿ ಇಲ್ದೆ ಕಣ್ ಕಳ್ಕಂಡ್ರಿ ಅಂದ್ ಹತ್ತ್ ವರ್ಷ ನಾನ್ ಅವ್ರಿಗೇ ಬೈದೆ. ಒಂದ್ ದಿನವೂ ಬಾಯ್ ಬಿಡ್ಲಿಲ್ಲ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.