ಕುಕ್ಕರಿನ ರಬ್ಬರು

ಅಂಗಡಿಯವನ ಬಾಯಿಂದ ಬಲು ಸಲೀಸಾಗಿ ಹೊರಡುವ ಒಂದು ಮಾತುಂಟು: "ಅದರ ಸಾಮಾನು ಈಗ ಬರುವುದಿಲ್ಲ." ಸಂತೆಕಟ್ಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಂದಿನಿಂದ ನನಗದು ಮಂತ್ರ. ಮಿಕ್ಸಿ ಜಾರಿನ ಬ್ಲೇಡು ಕೇಳಲಿ, ಬಕೆಟಿನ ಹಿಡಿ ಕೇಳಲಿ, ಮಂತ್ರ ಒಂದೇ. ಗಿರಾಕಿ ನಿಟ್ಟುಸಿರು ಬಿಟ್ಟು ಹೊಸದಕ್ಕೆ ಕೈ ಹಾಕುತ್ತಾನೆ. ಬರುವುದಿಲ್ಲ ಎಂದ ಸಾಮಾನೆಲ್ಲ ನನ್ನ ಕುರ್ಚಿಯ ಕೆಳಗೆ ಡಬ್ಬಿಯಲ್ಲಿ ತಣ್ಣಗೆ ಮಲಗಿರುತ್ತದೆ.

ಒಂದು ದಿನ ಅಭ್ಯಾಸಬಲದಿಂದ ಈ ಮಂತ್ರವನ್ನು ಬೆಳ್ಮಣ್ಣಿನ ನನ್ನ ಅಕ್ಕನಿಗೂ ಹೇಳಿಬಿಟ್ಟೆ. ಅಕ್ಕನ ಮನೆಯಲ್ಲಿ ಸೀರೆ ಹರಿದರೆ ಹೊದಿಕೆ, ಹೊದಿಕೆ ಹರಿದರೆ ನೆಲ ಒರೆಸುವ ಬಟ್ಟೆ. ಅದೂ ಚಿಂದಿಯಾದರೆ ತೊಂಡೆಬಳ್ಳಿ ಕಟ್ಟಲಿಕ್ಕೆ. ಕುಕ್ಕರಿನ ರಬ್ಬರು ಕೇಳಲು ಬಂದವಳು ತಮ್ಮನ ಮಾತು ನಂಬಿ ಹೊಸ ಕುಕ್ಕರು ಹಿಡಿದು ಬಸ್ಸು ಹತ್ತಿದಳು. "ತಮ್ಮ ಇದ್ದದ್ದಕ್ಕೆ ಕಡಿಮೆಗೆ ಸಿಕ್ಕಿತು" ಎಂದು ಊರಿಡೀ ಹೊಗಳಿದಳಂತೆ.

ಈಚೆಗೆ ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಕಾಲೇಜಿನ ಪ್ರಾಜೆಕ್ಟಿಗೆಂದು ಅಂಗಡಿಗೆ ಬಂದು ಚಕ್ರೀಯ ಆರ್ಥಿಕತೆ ಎಂದರೇನೆಂದು ವಿವರಿಸಿದಳು. ಏಳನೆಯಲ್ಲಿ ಶಾಲೆ ಬಿಟ್ಟ ನನಗೆ ಆರ್ಥಿಕತೆ ಎಂದರೆ ಗಲ್ಲಾಪೆಟ್ಟಿಗೆ. ವಸ್ತು ಕೆಟ್ಟರೆ ರಿಪೇರಿ ಮಾಡಬೇಕು, ರಿಪೇರಿ ಆಗದಿದ್ದರೆ ಬೇರೆ ಕೆಲಸಕ್ಕೆ ಬಳಸಬೇಕು, ಕೊನೆಗೆ ಕರಗಿಸಿ ಹೊಸತು ಮಾಡಬೇಕಂತೆ. ನನ್ನ ಅಕ್ಕ ಯಾವ ಕಾಲೇಜಿನಲ್ಲಿ ಕಲಿತಳೋ ಎಂದುಕೊಂಡೆ. "ಅಂಕಲ್, ಈ ಚಕ್ರ ಎಲ್ಲಿ ತುಂಡಾಗ್ತದೆ ಗೊತ್ತುಂಟಾ?" ಎಂದಳು ಹುಡುಗಿ. ನನ್ನ ಕುರ್ಚಿಯ ಕೆಳಗೆ ಎಂದು ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಆ ಭಾನುವಾರ ರಬ್ಬರನ್ನು ಕಿಸೆಯಲ್ಲಿಟ್ಟು ಬೆಳ್ಮಣ್ಣಿಗೆ ಹೋದೆ. ಹಿತ್ತಿಲಲ್ಲಿ ಅಕ್ಕ ಹಳೆಯ ಕುಕ್ಕರಿನ ಬಾಯಿಗೆ ಬಟ್ಟಲು ಮುಚ್ಚಿ ದನಕ್ಕೆ ಹುರುಳಿ ಬೇಯಿಸುತ್ತಿದ್ದಳು.

"ಅಕ್ಕ, ಇದು ಅವತ್ತೂ ನನ್ನ ಹತ್ತಿರ ಇತ್ತು" ಎಂದೆ.

"ಇತ್ತಾ?"

"ಇತ್ತು."

ಅವಳು ಮುಚ್ಚಳ ಹುಡುಕಿ, ತೊಳೆದು, ರಬ್ಬರು ಕೂರಿಸಿ ಕುಕ್ಕರಿಗೆ ಹಾಕಿದಳು. ಕುಕ್ಕರು ಸೀಟಿ ಹೊಡೆದ ಮೇಲೆ ಒಲೆಯ ಬೆಂಕಿ ತಗ್ಗಿಸಿದಳು. ಬೈದಿದ್ದರೆ ಬಸ್ಸಿನ ಟಿಕೇಟಿನ ದುಡ್ಡಾದರೂ ವಸೂಲಾಗುತ್ತಿತ್ತು. ಕೊನೆಗೆ ಹೇಳಿದಳು: "ಕುಕ್ಕರನ್ನು ಬೇಕಾದರೆ ವಾಪಸು ಕೊಡ್ತೇನೆ ಮಾರಾಯ. ಊರಿಗೆಲ್ಲ ನಿನ್ನನ್ನು ಹೊಗಳಿದ್ದೇನಲ್ಲ, ಅದನ್ನು ಎಂತ ಮಾಡುವುದು?"

ಮರುದಿನವೇ ಡಬ್ಬಿಯ ಸಾಮಾನನ್ನೆಲ್ಲ ಅಂಗಡಿಯ ಎದುರಿಗೆ ನೇತುಹಾಕಿದೆ. ವ್ಯಾಪಾರ ಸ್ವಲ್ಪ ಸಪ್ಪೆಯೇ. ಆದರೆ ಈಗೀಗ ಬೆಳ್ಮಣ್ಣಿನವರು ಹಿಡಿ ಮುರಿದ ಬಾಣಲೆ, ಮೊಂಡಾದ ಬ್ಲೇಡು ಹಿಡಿದುಕೊಂಡು ಬರುತ್ತಿದ್ದಾರೆ. "ನಿಮ್ಮ ಅಕ್ಕ ಕಳಿಸಿದ್ದು. ನೀವು ಭಾರಿ ಪ್ರಾಮಾಣಿಕ ಅಂತೆ ಅಲ್ವಾ?" ಎನ್ನುತ್ತಾರೆ. ಅಕ್ಕ ಯಾವುದನ್ನೂ ಬಿಸಾಡುವವಳಲ್ಲ. ಆ ಹೊಗಳಿಕೆಯನ್ನೂ ರಿಪೇರಿಗೆ ಕಳಿಸುತ್ತಿದ್ದಾಳೆ.