ಕೊಡಬಾರದ ಆಕ್ಸಿಜನ್

ಇಪ್ಪತ್ತೆರಡು ವರ್ಷ ಒಂದೇ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಹೆಂಗಸು ಆಕೆ. ಎರಡನೇ ಮಹಡಿಯ ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ರೋಗಿಗಳವರೆಗೆ ಎಲ್ಲರಿಗೂ ದೊಡ್ಡಕ್ಕ. ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ಆಕ್ಸಿಜನ್ ಸಿಲಿಂಡರನ್ನು ಓರೆ ಮಾಡಿ ಅಡಿಯಂಚಿನ ಮೇಲೆ ಉರುಳಿಸಿಕೊಂಡು ತರುವುದು ಅವಳ ಕೆಲಸ. ಮುಖಕ್ಕೆ ಮಾಸ್ಕ್ ಕೂತೊಡನೆ ಏದುಸಿರು ಬಿಡುತ್ತಿದ್ದವರ ಭುಜ ಮೆಲ್ಲಗೆ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದಳು. ಓದುಬರಹ ಅಷ್ಟಕ್ಕಷ್ಟೆ, ಆದರೆ ಆಕ್ಸಿಜನ್ ಅಂದರೆ ಜೀವ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ತನ್ನವನು ಅಂತ ಇದ್ದವನು ತಮ್ಮನೊಬ್ಬನೇ. ಆಟದ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸಿ, ಸುಣ್ಣದ ಗೆರೆ ಎಳೆಯುವ ಕೆಲಸ ಅವನದು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಅನ್ನುತ್ತಿದ್ದರು. ಬೇಲಿಯುದ್ದಕ್ಕೂ ಕಳೆ ಎದ್ದಾಗ ಔಷಧಿ ಹೊಡೆಯುವವನೂ ಅವನೇ. ಡಬ್ಬ ಸೋರುತ್ತಿದೆಯೆಂದು ಉಳಿದ ಕಳೆನಾಶಕವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತಾನೇ ಸುರಿದಿಟ್ಟಿದ್ದ. ವಾರ ಕಳೆದು, ಒಂದು ಮಧ್ಯಾಹ್ನ ಬಿಸಿಲಲ್ಲಿ ಬೆಂದು ಬಂದವನು ಅದೇ ಬಾಟಲಿ ಎತ್ತಿ ಬಾಯಿಗಿಟ್ಟ. ಥೂ ಎಂದು ಉಗಿದ. ಅಷ್ಟರಲ್ಲಿ ಒಂದು ಗುಟುಕು ಇಳಿದುಹೋಗಿತ್ತು.

ಅಕ್ಕನ ವಾರ್ಡಿಗೆ ನಡೆದುಕೊಂಡೇ ಬಂದ. ಹೊಟ್ಟೆಯೊಳಗಿನ ವಿಷ ಹೀರಲೆಂದು ಇದ್ದಿಲ ಪುಡಿ ಕಲಸಿ ಕುಡಿಸಿದರು. ಬಾಯಿಯ ಹುಣ್ಣು ಬಿಟ್ಟರೆ ಎರಡು ದಿನ ಚೆನ್ನಾಗಿಯೇ ಇದ್ದ.

"ನಿನ್ನ ವಾರ್ಡು ನೋಡ್ಕೊಂಡು ಹೋಗೋಣ ಅಂತ ಬಂದೆ ಅಕ್ಕಾ. ಎಲ್ಲಾ ಸರಿ, ಊಟ ಮಾತ್ರ ದೇವರಿಗೇ ಪ್ರೀತಿ!"

ಮೂರನೇ ದಿನ ಉಸಿರು ಗಿಡ್ಡವಾಗತೊಡಗಿತು. ಅವಳು ಸಿಲಿಂಡರ್ ತರಲು ಹೊರಟಳು. ಡಾಕ್ಟರಮ್ಮ ಬಾಗಿಲಲ್ಲೇ ತಡೆದರು. ಮಗಳ ವಯಸ್ಸಿನ ಹುಡುಗಿ.

"ಬೇಡ ದೊಡ್ಡಕ್ಕಾ. ಅವರಿಗೆ ಆಕ್ಸಿಜನ್ ಇಡಬಾರದು."

"ಏನ್ ಮಾತು ಡಾಕ್ಟ್ರೇ? ಉಸಿರಿಗೆ ಒದ್ದಾಡ್ತಿದಾನೆ!"

ಡಾಕ್ಟರಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. "ನಮ್ಮ ಮೈಯ ಒಂದೊಂದು ಜೀವಕೋಶವೂ ಉಂಡದ್ದನ್ನ ಆಕ್ಸಿಜನ್ ಬಳಸಿ ಉರಿಸುತ್ತೆ. ಆಗ ಎಲೆಕ್ಟ್ರಾನ್ ಅನ್ನೋ ಸಣ್ಣ ಕಣಗಳು ಕೈಯಿಂದ ಕೈಗೆ ದಾಟಿ, ಕೊನೆಗೆ ಆಕ್ಸಿಜನ್ ಸೇರಿ ನೀರಾಗುತ್ವೆ. ಕೆಲವು ದಾರೀಲೇ ಕೈತಪ್ಪಿ ಆಕ್ಸಿಜನ್‌ಗೆ ಅಂಟಿಕೊಳ್ಳುತ್ವೆ. ಆ ಅರೆಬರೆ ಆಕ್ಸಿಜನ್ ಹುಚ್ಚು ಹಿಡಿದ ಹಾಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ. ನಿಮ್ಮಲ್ಲೂ ನನ್ನಲ್ಲೂ ಈಗಲೂ ಆಗ್ತಿದೆ. ಅದನ್ನ ಅಡಗಿಸೋ ಶಕ್ತಿ ಮೈಗಿದೆ, ಅದಕ್ಕೇ ಬದುಕಿದೀವಿ."

"ಮತ್ತೆ ಇವನಿಗೇನಾಯ್ತು?"

"ಆ ವಿಷ ಹೋಗಿ ಶ್ವಾಸಕೋಶದಲ್ಲಿ ಕೂರುತ್ತೆ. ಅಲ್ಲಿನ ಜೀವಕೋಶಗಳಿಂದ ಎಲೆಕ್ಟ್ರಾನ್ ಕಿತ್ತು ಆಕ್ಸಿಜನ್‌ಗೆ ಕೊಡುತ್ತೆ. ಮತ್ತೆ ಕೀಳುತ್ತೆ, ಮತ್ತೆ ಕೊಡುತ್ತೆ. ತಾನು ಮಾತ್ರ ಸವೆಯಲ್ಲ. ಅಡಗಿಸೋ ಶಕ್ತಿಯೆಲ್ಲ ಸೋತುಹೋಗುತ್ತೆ. ನಾವು ಆಕ್ಸಿಜನ್ ಕೊಟ್ಟರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ."

ಒಂದಿಡೀ ದಿನ ಅವಳು ಎದೆ ಕಲ್ಲು ಮಾಡಿಕೊಂಡಿದ್ದಳು. ಮರುದಿನ ನರ್ಸುಗಳು ಊಟಕ್ಕೆ ಹೋಗಿದ್ದ ಹೊತ್ತು, ತಮ್ಮ ಅವಳ ಸೆರಗು ಹಿಡಿದ.

"ಪಕ್ಕದ ಮಂಚದವರಿಗೆ ಇಟ್ಟಿದೀಯ. ನಾನೇನ್ ಪಾಪ ಮಾಡಿದ್ದೆ ಅಕ್ಕಾ?"

ತುತ್ತು ತಿನ್ನಿಸಿ ಬೆಳೆಸಿದ ಕೈ ತಡೆಯಲಿಲ್ಲ. ಮಾಸ್ಕ್ ಹಾಕಿ ಸಿಲಿಂಡರಿನ ಕೀಲಿ ತಿರುಗಿಸಿದಳು. ಅವನ ಭುಜ ಇಳಿಯಿತು. ಹತ್ತು ನಿಮಿಷ ಆಗಿತ್ತೇನೋ, ಹೆಜ್ಜೆ ಸಪ್ಪಳ ಕೇಳಿ ಮುಚ್ಚಿಬಿಟ್ಟಳು.

ಆಮೇಲೆ ಅವನ ಸ್ಥಿತಿ ದಿನೇದಿನೇ ಇಳಿಮುಖವಾಯಿತು. ಏಳನೇ ದಿನ ಡಾಕ್ಟರಮ್ಮನೇ ಬಂದು, "ಈಗ ಇಡಿ ದೊಡ್ಡಕ್ಕಾ, ಸಂಕಟ ಸ್ವಲ್ಪ ಕಮ್ಮಿಯಾಗಲಿ" ಅಂದರು. ಅದರರ್ಥ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ನಾನು ಮೊನ್ನೆಯೇ ಕದ್ದುಮುಚ್ಚಿ ಮಾಸ್ಕ್ ಹಾಕಿದ್ದೆ ಡಾಕ್ಟ್ರೇ."

"ಅಷ್ಟರಿಂದ ಏನೂ ಆಗಿರಲ್ಲ. ಕುಡಿದಿದ್ದೇ ಜಾಸ್ತಿಯಾಗಿತ್ತು."

"ಖಂಡಿತಾನಾ?"

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು.

ಮರುದಿನ ಬೆಳಗ್ಗೆ ಅವನು ತೀರಿಕೊಂಡ. ಕೊನೆಯ ಎರಡು ದಿನ ರೇಡಿಯೋ ಒಂದು ಮಾತೂ ಆಡಿರಲಿಲ್ಲ.

ಹದಿನೈದು ದಿನ ಬಿಟ್ಟು ಅವಳು ಕೆಲಸಕ್ಕೆ ಮರಳಿದಳು. ಆದರೆ ಯಾರಿಗಾದರೂ ಮಾಸ್ಕ್ ಹಾಕಬೇಕಾಗಿ ಬಂದರೆ ಅದನ್ನು ನರ್ಸಿನ ಕೈಗೆ ಕೊಟ್ಟು ಹೊರಗೆ ಹೋಗಿಬಿಡುತ್ತಿದ್ದಳು. ಕಾಡಿ ಬೇಡಿ ಬಟ್ಟೆ ಒಗೆಯುವ ಕೋಣೆಗೆ ಬದಲಿ ಮಾಡಿಸಿಕೊಂಡಳು. ಅಲ್ಲಿ ಯಾರಾದರೂ ತಮ್ಮನಿಗೆ ಏನಾಗಿತ್ತು ಎಂದು ಕೇಳಿದರೆ, "ಉಸಿರಾಟದ ತೊಂದರೆ" ಎಂದಷ್ಟೇ ಹೇಳಿ, ಒದ್ದೆ ಹಾಸಿಗೆಬಟ್ಟೆಗಳ ರಾಶಿಯಿಂದ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು.