ಹೆಬ್ಬೆರಳಿನ ವಿಮರ್ಶೆ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮೊದಲು ಅದನ್ನು ಓದುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಉಜ್ಜುತ್ತೇನೆ. ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಕಿವಿಯ ಹತ್ತಿರ ತಂದು ಒಮ್ಮೆ ಜಾಡಿಸಿ ಸದ್ದು ಕೇಳುತ್ತೇನೆ. ಇಷ್ಟೆಲ್ಲ ಆದಮೇಲೆ, "ತೂಕ ಪರವಾಗಿಲ್ಲ, ಮೈ ಮಾತ್ರ ಒರಟು" ಎಂದು ತೀರ್ಪು ಕೊಟ್ಟು, ಮದುವೆ ಯಾರದು ಎಂದು ಹೆಂಡತಿ ಸರೋಜಳನ್ನು ಕೇಳುತ್ತೇನೆ. ಕರೆಯಲು ಬಂದವರು ಎದುರಿಗೇ ಕೂತಿರುತ್ತಾರೆ. ಸರೋಜ ಬಂದವರಿಗೆ ಕಾಫಿ ಕೊಡುತ್ತಾ, "ಬೇಜಾರು ಮಾಡ್ಕೋಬೇಡಿ, ರಿಟೈರ್ ಆಗಿರೋದನ್ನ ಇವರಿಗೆ ಯಾರೂ ಹೇಳಿಲ್ಲ" ಎನ್ನುತ್ತಾಳೆ. ಒಮ್ಮೆ ಒಂದು ಕರೆಯೋಲೆಯ ನುಣುಪನ್ನು ವಾರವಿಡೀ ಹೊಗಳಿ, ದಿನಾಂಕ ನೋಡುವುದನ್ನು ಮರೆತು, ಮದುವೆಯ ಮಾರನೆಯ ದಿನ ಉಡುಗೊರೆ ಹಿಡಿದು ಕಲ್ಯಾಣಮಂಟಪಕ್ಕೆ ಹೋಗಿದ್ದೆ. ಅಲ್ಲಿ ಬೇರೆ ಯಾರದೋ ಮದುವೆ ನಡೆಯುತ್ತಿತ್ತು. ಊಟ ಚೆನ್ನಾಗಿತ್ತು.

ಇದರಲ್ಲಿ ನನ್ನ ತಪ್ಪಿಲ್ಲ, ತಪ್ಪೆಲ್ಲ ಹೆಬ್ಬೆರಳಿನದು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ತೂಕ ನೋಡಲು, ದಪ್ಪ ಅಳೆಯಲು ಯಂತ್ರಗಳಿದ್ದವು. ಆದರೆ ಯಂತ್ರ ಹೇಳುವ ಮೊದಲೇ ಬೆರಳಿನಲ್ಲಿ ಹೇಳುವುದು ನಮ್ಮ ವಿಭಾಗದ ಒಣಜಂಬ. ಆ ಜಂಬವನ್ನು ಪಿಂಚಣಿಯ ಕಾಗದಗಳ ಜೊತೆಗೇ ಶಿವಮೊಗ್ಗಕ್ಕೆ ತಂದು, ಈಗ ಬಾಡಿಗೆ ಮನೆಯಲ್ಲಿ ಸಾಕುತ್ತಿದ್ದೇನೆ.

ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಯ ಆಚೆ ಇದ್ದವನು ದೊರೈ. ಅದೇ ಕಾರ್ಖಾನೆಯ ಪೇಂಟರ್. 'ಅಪಾಯ', 'ಬೆಂಕಿ ಹಚ್ಚಬಾರದು', 'ಹೆಲ್ಮೆಟ್ ಧರಿಸಿ' ಎಂಬ ಬೋರ್ಡುಗಳೆಲ್ಲ ಅವನ ಕೈಬರಹ. ಅಪಾಯದ ಬೋರ್ಡಿಗೆ ತಲೆಬುರುಡೆ ಬರೆಯಬೇಕಲ್ಲ, ಅವನು ಬರೆದ ಬುರುಡೆಗಳೆಲ್ಲ ಸ್ವಲ್ಪ ನಗುತ್ತಿದ್ದವು. ಮೇಲಿನವರು ಕರೆದು ಕೇಳಿದರೆ, "ಹೆದರಿಸಿದ್ರೆ ಕೆಲಸಕ್ಕೆ ಯಾರು ಬರ್ತಾರೆ ಸಾರ್?" ಎಂದಿದ್ದನಂತೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಪ್ರತಿ ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳುಬೆಲ್ಲ ಆ ಕಡೆಗೆ, ಅವರ ಮನೆಯ ಸಕ್ಕರೆ ಪೊಂಗಲ್ ಈ ಕಡೆಗೆ. ನಾನು ಶಿವಮೊಗ್ಗ ಸೇರಿ, ಅವನು ಭದ್ರಾವತಿಯ ಓಲ್ಡ್ ಟೌನಿನಲ್ಲೇ ಮನೆ ಮಾಡಿದ ಮೇಲೂ ಅದು ತಪ್ಪಲಿಲ್ಲ. ಒಂದು ವರ್ಷ ನಾವು ಹೋಗುವುದು, ಮರುವರ್ಷ ಅವರು ಬರುವುದು.

ನಿವೃತ್ತಿಯ ನಂತರ ದೊರೈ ಬೋರ್ಡು ಬಿಟ್ಟು ಚಿತ್ರಕ್ಕೆ ಕೈಹಾಕಿದ. ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಚಿತ್ರಪ್ರದರ್ಶನವಾಯಿತು. ವಿಷಯ, ಶಾಂತಿ. ಉದ್ಘಾಟನೆಯ ಮೈಕಿನ ಕಿರುಚಾಟದ ನಡುವೆ ಸಭಾಂಗಣದಲ್ಲಿ ಇಲ್ಲದಿದ್ದದ್ದು ಅದೊಂದೇ. ಗೋಡೆಯ ತುಂಬ ಪಾರಿವಾಳ, ಬುದ್ಧ, ಮತ್ತೆ ಪಾರಿವಾಳ. ಮೂಲೆಯಲ್ಲಿ ದೊರೈಯ ಮೊಟ್ಟಮೊದಲ ಪ್ರದರ್ಶಿತ ಚಿತ್ರ. ಇದ್ದಿಲಿನಲ್ಲಿ ಬರೆದದ್ದು. ಗಾಜು ಹಾಕಿದರೆ ಟ್ಯೂಬ್‌ಲೈಟು ಹೊಳೆಯುತ್ತದೆ ಎಂದು ಹಾಳೆಯನ್ನು ಹಾಗೇ ಹಲಗೆಗೆ ಸಿಕ್ಕಿಸಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದ. "ನೋಡು ಮಾರಾಯ, ಏನನ್ನಿಸ್ತದೆ ಹೇಳು" ಎಂದ.

ನಾನು ನೋಡಿದೆ. ಅಂದರೆ, ಹೆಬ್ಬೆರಳಿನಿಂದ ನೋಡಿದೆ. ಕಾಗದದ ಗುಣ ಅಂಚಿನಲ್ಲಿ ತಿಳಿಯುವುದಿಲ್ಲ, ನಡುವೆ ನೋಡಬೇಕು ಎಂದು ಹೊಸಬರಿಗೆ ಪಾಠ ಹೇಳಿದವನು ನಾನೇ. ಆದ್ದರಿಂದ ಸರಿಯಾಗಿ ನಡುವಿಗೇ ಬೆರಳಿಟ್ಟು, ಗಟ್ಟಿಯಾಗಿ ಒತ್ತಿ, ಕೆಳಗೆ ಎಳೆದೆ. ಸುತ್ತ ನಿಂತ ನಾಲ್ಕು ಜನರಿಗೆ ಕೇಳಲಿ ಎಂದು ಜೋರಾಗಿಯೇ, "ಇದು ನಮ್ಮ ಪೇಪರ್ ಅಲ್ಲ ಕಣೋ, ಅಂಗಡಿ ಮಾಲು" ಎಂದೆ.

ಸರೋಜ ಕನ್ನಡಕ ಏರಿಸಿ ಹತ್ತಿರ ಬಂದಳು. "ರೀ, ಅದು ನೀವು ಕಣ್ರೀ" ಎಂದಳು.

ಆಗ ನೋಡಿದೆ, ಕಣ್ಣಿನಿಂದ. ನಮ್ಮ ಕ್ವಾರ್ಟರ್ಸಿನ ಜಗಲಿ. ನನ್ನ ಬೆತ್ತದ ಕುರ್ಚಿ. ಅದರಲ್ಲಿ ಮಡಿಲ ಮೇಲೆ ಪತ್ರಿಕೆ ಹರಡಿಕೊಂಡು ನಿದ್ದೆಹೋದ ಒಬ್ಬ ಮನುಷ್ಯ. ಕತ್ತಿನ ಮೇಲೆ, ಮುಖ ಇರಬೇಕಾದಲ್ಲಿ, ನನ್ನ ಹೆಬ್ಬೆರಳಿನ ಅಗಲದ ಕಪ್ಪು ಕಲೆ. ಸಾಕ್ಷಿಗೆ ಬೆರಳಿನ ತುದಿಯೂ ಕಪ್ಪಾಗಿತ್ತು.

ದೊರೈ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದ, "ಮೂರು ತಿಂಗಳು ಕೂತು ಬರೆದೆ ಸಾರ್ ನಿಮ್ಮ ಮುಖಾನ. ಒರೆಸಿದ್ದು ಹೋಗ್ಲಿ. ನೀವು ಪೇಪರ್ ನೋಡಿದ್ರಿ." ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಬುದ್ಧಿವಂತರು ಸುಮ್ಮನಿರುತ್ತಾರೆ. ನಾನು, "ಬೇರೆ ಬರೆದ್ರಾಯ್ತು ಬಿಡು" ಎಂದುಬಿಟ್ಟೆ.

ಮನೆಗೆ ಬಂದಮೇಲೆ ಸಮಾಧಾನಕ್ಕೆ ಇತಿಹಾಸವನ್ನು ಕೆದಕಿದೆ. ಕಾಗದ ಬರುವ ಮೊದಲು ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆಯುತ್ತಿದ್ದರಲ್ಲ, ಕೊರೆದದ್ದು ಬರಿಗಣ್ಣಿಗೆ ಸರಿಯಾಗಿ ಕಾಣದು. ಮೇಲೆ ಮಸಿ ಹಚ್ಚಿ ಉಜ್ಜಬೇಕು, ಆಗ ಅಕ್ಷರಗಳು ಎದ್ದು ಬರುತ್ತವೆ. ಅಂದರೆ ನಮ್ಮ ಸಾಹಿತ್ಯವೆಲ್ಲ ಉಜ್ಜಿದ್ದರಿಂದಲೇ ಕಣ್ಣಿಗೆ ಬಿದ್ದದ್ದು ಎಂದು ಸರೋಜಳಿಗೆ ವಿವರಿಸಿದೆ. "ಅವರು ಉಜ್ಜಿದ್ರೆ ಕಾಣ್ತಿತ್ತು, ನೀವು ಉಜ್ಜಿದ್ರೆ ಹೋಯ್ತು. ಅಷ್ಟೇ ವ್ಯತ್ಯಾಸ" ಎಂದು ಅವಳು ಒಳಗೆ ಹೋದಳು.

ದೊರೈ ಫೋನ್ ಎತ್ತಲಿಲ್ಲ. ಹೊಸ ವರ್ಷದ ದಿನವೂ ಎತ್ತಲಿಲ್ಲ. ಶಾಂತಿಯ ಪ್ರದರ್ಶನಕ್ಕೆ ಹೋಗಿ ಜಗಳ ತಂದುಕೊಂಡವನು ಊರಿಗೆ ನಾನೊಬ್ಬನೇ ಇರಬೇಕು. ಸಂಕ್ರಾಂತಿ ಹತ್ತಿರ ಬಂತು. ಈ ವರ್ಷ ಬರುವ ಸರದಿ ಅವರದು. ಬರದೇ ಹೋದರೆ? ಒಂದು ವರ್ಷ ತಪ್ಪಿದ್ದು ಮುಂದಿನ ವರ್ಷವೂ ತಪ್ಪುತ್ತದೆ, ಆಮೇಲೆ ದೊರೈ ಎಂಬವನು ನನಗೆ ಹಳೆಯ ಪರಿಚಯದವನಾಗಿ ಉಳಿಯುತ್ತಾನೆ. ಅದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ನಮ್ಮ ಬೀರುವಿನ ಮೇಲೆ ಒಂದು ಸುರುಳಿ ಇದೆ. ನನ್ನ ಕೈಯಲ್ಲಿ ಪಾಸಾದ ಕೊನೆಯ ಲಾಟಿನ ದಪ್ಪ ಹಾಳೆಗಳು, ಬೀಳ್ಕೊಡುಗೆಯ ದಿನ ಜೊತೆಯವರು ಕೊಟ್ಟದ್ದು. ಕಾರ್ಖಾನೆಯ ಸದ್ದು ನಿಂತ ಮೇಲಂತೂ ಅದನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ಉಜ್ಜಿ ನೋಡಿ, ಮತ್ತೆ ಮೇಲಿಡುತ್ತೇನೆ. ಮೊಮ್ಮಗಳು ಚಿತ್ರ ಬರೆಯಲು ಕೇಳಿದಾಗ ಹಳೆಯ ಕ್ಯಾಲೆಂಡರಿನ ಬೆನ್ನು ಕೊಟ್ಟ ಪುಣ್ಯಾತ್ಮ ನಾನು. ಸಂಕ್ರಾಂತಿಯ ಬೆಳಿಗ್ಗೆ ಆ ಸುರುಳಿಯನ್ನು ಇಳಿಸಿದೆ. ಸರೋಜ ಎಳ್ಳುಬೆಲ್ಲದ ಡಬ್ಬಿ ಕೈಗಿತ್ತಳು. ಜೊತೆಗೆ ಬರುತ್ತೀಯಾ ಎಂದರೆ, "ಒರೆಸಿದ್ದು ನೀವು" ಎಂದಳು.

ಭದ್ರಾವತಿಯ ಬಸ್ಸಿನಲ್ಲಿ ಕಂಡಕ್ಟರು ಸುರುಳಿ ನೋಡಿ, "ನಕ್ಷೆನಾ ಸಾರ್? ಸೈಟ್ ತಗೊಂಡ್ರಾ?" ಎಂದ. ಇಲ್ಲಪ್ಪ, ತಪ್ಪೊಪ್ಪಿಗೆ ಎನ್ನಬೇಕೆನಿಸಿತು. ಹೂಂ ಎಂದೆ.

ಬಾಗಿಲು ತೆರೆದದ್ದು ದೊರೈಯ ಹೆಂಡತಿ ವಳ್ಳಿಯಮ್ಮ. ದನಿ ತಗ್ಗಿಸಿ, "ಬನ್ನಿ ಅಣ್ಣಾ. ಬೆಳಗಿಂದ ಶರ್ಟ್ ಹಾಕ್ಕೊಂಡು ಕೂತವ್ರೆ. ನಿಮ್ಮನೆಗೆ ಹೊರಡೋಣ ಅಂತಾರೆ, ಬೇಡ ಅಂತಾರೆ. ನಾನ್ ಹೇಳ್ದೆ ಅನ್ಬೇಡಿ" ಎಂದರು. ಒಳಗೆ ದೊರೈ ಅದೇ ಬಿಳಿ ಅಂಗಿಯಲ್ಲಿದ್ದ. ನಾನು ಸುರುಳಿಯನ್ನು ಮುಂದೆ ಚಾಚಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ತಪ್ಪಾಯ್ತು ಕಣೋ" ಎಂದಷ್ಟೇ ಬಂತು.

ಅದು ಯಾವ ಸುರುಳಿ ಎಂದು ಅವನಿಗೆ ಗೊತ್ತು. ಎರಡೂ ಕೈಯಲ್ಲಿ ತೆಗೆದುಕೊಂಡ. "ಬೀರು ಮೇಲಿಂದ ಇಳಿಸಿದ್ಯಾ?" ಎಂದ. ಒಂದು ಹಾಳೆ ಬಿಡಿಸಿ ಹಲಗೆಗೆ ಸಿಕ್ಕಿಸಿ, ಕುರ್ಚಿ ಎಳೆದು, "ಕೂತ್ಕೊ. ಎರಡು ಕೈನೂ ತೊಡೆ ಕೆಳಗೆ ಇಟ್ಕೊ. ಎತ್ತಿದ್ರೆ ಪೊಂಗಲ್ ಇಲ್ಲ" ಎಂದ.

ಹೀಗೆ ಕೈಗಳ ಮೇಲೆ ಕೂತು, ಅಲುಗಾಡಬಾರದೆಂದು ಪಣ ತೊಟ್ಟು, ಹತ್ತೇ ನಿಮಿಷದಲ್ಲಿ ನಿದ್ದೆಹೋದೆ. ಕಣ್ಣು ಬಿಟ್ಟಾಗ ಮಧ್ಯಾಹ್ನ ಕಳೆದಿತ್ತು, ಚಿತ್ರ ಮುಗಿದಿತ್ತು. ಬಾಯಿ ಸ್ವಲ್ಪ ತೆರೆದಿದೆ, ಕನ್ನಡಕ ಮೂಗಿನ ತುದಿಗೆ ಜಾರಿದೆ, ಹಣೆಯಲ್ಲಿ ಒಂದು ಗೆರೆಯೂ ಇಲ್ಲ. ನನ್ನ ಮುಖದಲ್ಲಿ ಇಷ್ಟು ನೆಮ್ಮದಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ದೊರೈ ಪಕ್ಕದಲ್ಲಿದ್ದಾಗ ಮಾತ್ರ ಇರುತ್ತದೋ ಏನೋ.

"ಚೆನ್ನಾಗಿದೆ ಕಣೋ" ಎಂದೆ.

"ಪೇಪರ್ ಹೆಂಗಿದೆ ಹೇಳು ಮಾರಾಯ" ಎಂದ ಅವನು, ನನ್ನನ್ನೇ ನೋಡುತ್ತಾ.

"ಪೇಪರ್ರಾ? ನಾನು ನೋಡ್ಲೇ ಇಲ್ಲ."

ಅದು ಶುದ್ಧ ಸುಳ್ಳು. ಎಡಗಡೆಯ ಮೂಲೆ ಹಳದಿ ತಿರುಗಿದ್ದನ್ನು, ಸುರುಳಿಯ ಬಾಗು ಇನ್ನೂ ಬಿಡದೇ ಇದ್ದದ್ದನ್ನು ಕಣ್ಣು ಬಿಟ್ಟ ತಕ್ಷಣವೇ ನೋಡಿದ್ದೆ. ತೊಡೆಯ ಕೆಳಗೆ ಹೆಬ್ಬೆರಳು ತುಡಿಯುತ್ತಿತ್ತು. ದೊರೈ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ನನ್ನ ತೊಡೆ ನೋಡಿದ, ಮತ್ತೆ ಜೋರಾಗಿ ನಕ್ಕು ಒಳಕ್ಕೆ ಕೂಗಿದ, "ಏಯ್ ವಳ್ಳಿ, ಪೊಂಗಲ್ ತಾ. ಇವನಿಗೆ ಸ್ಪೂನಲ್ಲಿ ತಿನ್ನಿಸು, ಕೈ ಮಾತ್ರ ಬಿಡಬೇಡ!"